ಲೈಟ್‌ರೂಮ್‌ನಲ್ಲಿ ಕಾಣುತ್ತಿದೆ ಅಂತ ಫೋಟೊ ಫೋಲ್ಡರ್ ಅಳಿಸಬೇಡಿ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಮದುವೆ, ಉಪನಯನ, ಯಕ್ಷಗಾನದ ಫೋಟೊ ತೆಗೆಯುವ ನಮ್ಮ ಕನ್ನಡದ ಹುಡುಗರು ಫೋಟೊ ಜೋಡಿಸಿ ಎಡಿಟ್ ಮಾಡುವ ಅಡೋಬಿಯ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್ ಕಲಿಯಲು ಶನಿವಾರ, ಭಾನುವಾರದ ಕ್ಲಾಸುಗಳಿಗೆ ಹೋಗುತ್ತಾರೆ. ಅಂಥದೊಂದು ಎರಡು ದಿನದ ಕ್ಲಾಸ್ ಮುಗಿಸಿಬಂದ ಡೊಂಬಿವಲಿಯ ಹುಡುಗನೊಬ್ಬ ಒಂದಿಡೀ ಮದುವೆಯ ರಾ ಫೈಲುಗಳನ್ನು (ಕ್ಯಾಮೆರಾ ಉಳಿಸಿದ ಮೂಲ ಫೋಟೊಗಳನ್ನು) ಕಳೆದುಕೊಂಡ. ಕ್ಲಾಸಿನ ಹೆಸರು ಬೇಡ. ಎಕ್ಸ್‌ಪೋಶರ್, ಸ್ಕಿನ್ ಟೋನ್, ಪ್ರಿಸೆಟ್ ಎಲ್ಲ ಹೇಳಿಕೊಟ್ಟು, ಫೋಟೊ ನಿಜವಾಗಿ ಎಲ್ಲಿರುತ್ತದೆ ಅನ್ನುವುದನ್ನೇ ಬಿಟ್ಟುಬಿಡುವ ಕ್ಲಾಸುಗಳು ಬೇರೆಯೂ ಇವೆ.

ನಡೆದದ್ದಿಷ್ಟು. ಲ್ಯಾಪ್‌ಟಾಪಿನ 512 ಜಿಬಿ ಎಸ್‌ಎಸ್‌ಡಿ ತುಂಬಿತು. ಲೈಟ್‌ರೂಮ್‌ನಲ್ಲಿ ಚಿತ್ರಗಳೆಲ್ಲ ಕಾಣುತ್ತಿದ್ದವು. ಹಾಗಾಗಿ ವಿಂಡೋಸ್‌ನಲ್ಲಿದ್ದ ಫೋಲ್ಡರ್ ಇನ್ನೊಂದು ಕಾಪಿ ಅಂದುಕೊಂಡು, ರಿಸೈಕಲ್ ಬಿನ್‌ಗೂ ಹೋಗದಂತೆ ಅಳಿಸುವ ಶಿಫ್ಟ್ ಡಿಲೀಟ್ ಒತ್ತಿದ. ಮೆಮೊರಿ ಕಾರ್ಡುಗಳಲ್ಲಿ ಆಗಲೇ ಮುಂದಿನ ಕಾರ್ಯಕ್ರಮದ ಫೋಟೊ ತುಂಬಿತ್ತು. ಆಲ್ಬಮ್‌ಗೆಂದು ಎಕ್ಸ್‌ಪೋರ್ಟ್ ಕೊಟ್ಟಾಗ (ಎಡಿಟ್ ಆದ ಫೋಟೊವನ್ನು ಹೊಸ ಫೈಲಾಗಿ ಹೊರತೆಗೆಯುವಾಗ), ಫೈಲ್ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಮುಂಬೈನ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿನಲ್ಲಿ ರಿಕವರಿಗೆ ಕೊಟ್ಟರೂ ಏನೂ ಸಿಗಲಿಲ್ಲ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆಯಿದೆ. ಯಾವ ಜಾಗ ಖಾಲಿಯಾಯಿತೆಂದು ಕಂಪ್ಯೂಟರ್ ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕ್ ಅದನ್ನು ಒರೆಸಿಹಾಕುತ್ತದೆ. ತಿರುಗುವ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಸಿಗುವ ಅವಕಾಶ ಇಲ್ಲಿ ಸಿಗುವುದಿಲ್ಲ.

ಲೈಟ್‌ರೂಮ್ ಕೆಟಲಾಗ್ ಅಂದರೆ ಲೆಕ್ಕದ ಪುಸ್ತಕ. ಯಾವ ಫೋಟೊ ಯಾವ ಡಿಸ್ಕಿನ ಯಾವ ಫೋಲ್ಡರಿನಲ್ಲಿದೆ, ಅದಕ್ಕೆ ಏನೇನು ಎಡಿಟ್ ಆಗಿದೆ, ಎಷ್ಟು ಸ್ಟಾರ್ ಕೊಟ್ಟಿದ್ದೀರಿ, ಇಷ್ಟೇ ಅದರಲ್ಲಿರುವುದು. ತೆರೆಯ ಮೇಲೆ ಕಾಣುವುದು ಪಕ್ಕದಲ್ಲಿ ಬೇರೆಯಾಗಿ ಉಳಿಸಿಟ್ಟ ಪ್ರಿವ್ಯೂ. ಮೂಲ ಫೈಲ್ ಹೋದರೂ ಅದು ಉಳಿದಿರುವುದರಿಂದಲೇ ಜನ ಮೋಸಹೋಗುತ್ತಾರೆ. ಮುಚ್ಚುವಾಗ ಲೈಟ್‌ರೂಮ್ ಕೇಳುವ ಬ್ಯಾಕಪ್ ಕೂಡ ಈ ಪುಸ್ತಕದ್ದು ಮಾತ್ರ, ಒಂದು ಫೋಟೊವೂ ಅದರಲ್ಲಿ ಸೇರುವುದಿಲ್ಲ.

ಇಂಪೋರ್ಟ್ ಮಾಡುವಾಗ (ಫೋಟೊಗಳನ್ನು ಲೈಟ್‌ರೂಮ್‌ಗೆ ಸೇರಿಸುವಾಗ) ಸ್ಮಾರ್ಟ್ ಪ್ರಿವ್ಯೂ, ಅಂದರೆ ಎಡಿಟ್ ಮಾಡಬಹುದಾದ ಚಿಕ್ಕ ನಕಲು, ಆಯ್ಕೆ ಮಾಡಿದ್ದರೆ ಸ್ವಲ್ಪ ಉಳಿಯುತ್ತಿತ್ತು. ಮೂಲ ಇಲ್ಲದಿದ್ದರೂ ಅದರಿಂದ ಎಕ್ಸ್‌ಪೋರ್ಟ್ ಆಗುತ್ತದೆ. ಆದರೆ ಅದರ ಉದ್ದ ಬದಿ 2560 ಪಿಕ್ಸೆಲ್. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮುದ್ರಿಸಿದರೆ ಎಂಟೂವರೆ ಇಂಚು. 12x36 ಇಂಚಿನ ಆಲ್ಬಮ್ ಹಾಳೆಗೆ ಉದ್ದಕ್ಕೆ 10800 ಪಿಕ್ಸೆಲ್ ಬೇಕು.

ಇದಕ್ಕಿಂತ ಹೆಚ್ಚಾಗಿ ನಡೆಯುವ ಅನಾಹುತ ಇನ್ನೊಂದಿದೆ. ಫೋಲ್ಡರನ್ನು ಎಕ್ಸ್‌ಪ್ಲೋರರ್‌ನಲ್ಲಿ ಬೇರೆ ಡಿಸ್ಕಿಗೆ ಸರಿಸಿದರೆ ಲೈಟ್‌ರೂಮ್‌ನಲ್ಲಿ ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಆಗ ಗಾಬರಿಯಲ್ಲಿ ‘ಸಿಂಕ್ರನೈಸ್ ಫೋಲ್ಡರ್’ ಒತ್ತಿ, ‘ರಿಮೂವ್ ಮಿಸ್ಸಿಂಗ್ ಫೋಟೋಸ್ ಫ್ರಮ್ ಕೆಟಲಾಗ್’ ಟಿಕ್ ಮಾಡಿದಿರೋ, ವಾರಗಟ್ಟಲೆ ಮಾಡಿದ ಎಡಿಟ್ ಕೆಟಲಾಗ್‌ನಿಂದ ಹೊರಟುಹೋಗುತ್ತದೆ. ಅದನ್ನು ಮುಟ್ಟಲೇಬೇಡಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಫೈಂಡ್ ಮಿಸ್ಸಿಂಗ್ ಫೋಲ್ಡರ್’ ಆರಿಸಿ ಹೊಸ ಜಾಗ ತೋರಿಸಿ, ಅಷ್ಟೇ ಸಾಕು.

ಜಾಗ ಖಾಲಿ ಮಾಡಲೇಬೇಕಿದ್ದರೆ ಮೊದಲು ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಒಂದೇ ಇದೆಯೇ ನೋಡಿ. ಹಳೆಯ ಫೋಲ್ಡರಿನ ಹೆಸರು ಬದಲಿಸಿ. ಲೈಟ್‌ರೂಮ್‌ನಲ್ಲಿ ಪ್ರಶ್ನಾರ್ಥಕ ಬಂದ ಮೇಲೆ ಹೊಸ ಡಿಸ್ಕಿನ ಫೋಲ್ಡರ್ ತೋರಿಸಿ. ನಾಲ್ಕೈದು ಫೋಟೊ ಪೂರ್ಣ ಗಾತ್ರದಲ್ಲಿ ಎಕ್ಸ್‌ಪೋರ್ಟ್ ಮಾಡಿ ತೆರೆದು ನೋಡಿ. ಇಷ್ಟಾದ ಮೇಲೂ ಇನ್ನೊಂದು ಡಿಸ್ಕಿನಲ್ಲಿ ಮತ್ತೊಂದು ಕಾಪಿ ಇದ್ದರೆ ಮಾತ್ರ ಹಳೆಯದನ್ನು ಅಳಿಸಿ.

ಇಂಪೋರ್ಟ್ ಕಿಟಕಿಯಲ್ಲಿ ‘ಆ್ಯಡ್’ ಅಂದರೆ ಲೈಟ್‌ರೂಮ್ ಫೋಟೊವನ್ನು ಎಲ್ಲಿಗೂ ಒಯ್ಯುವುದಿಲ್ಲ, ವಿಳಾಸ ಬರೆದುಕೊಳ್ಳುತ್ತದೆ. ಆ ಹುಡುಗ ತಪ್ಪು ತಿಳಿದದ್ದು ಇದೇ ಪದವನ್ನು. ಕಾರ್ಡಿನಿಂದ ತರುವಾಗ ‘ಕಾಪಿ’ ಇರಲಿ, ಬಲಗಡೆ ‘ಮೇಕ್ ಎ ಸೆಕೆಂಡ್ ಕಾಪಿ ಟು’ ಟಿಕ್ ಮಾಡಿ ಬೇರೆ ಡಿಸ್ಕ್ ತೋರಿಸಿ. ಕೆಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾದಲ್ಲಿ ಎಕ್ಸ್‌ಎಂಪಿ (ಎಡಿಟ್ ವಿವರ ಬರೆದಿಡುವ ಚಿಕ್ಕ ಫೈಲ್) ತಾನಾಗಿ ಬರೆಯುವ ಆಯ್ಕೆಯನ್ನೂ ಹಾಕಿಕೊಳ್ಳಿ. ಕೆಟಲಾಗ್ ಕೆಟ್ಟರೂ ಎಡಿಟ್ ರಾ ಫೈಲಿನ ಪಕ್ಕದಲ್ಲೇ ಇರುತ್ತದೆ. ಕಲೆಕ್ಷನ್ (ನೀವು ಮಾಡಿದ ಫೋಟೊ ಗುಂಪು), ವರ್ಚುವಲ್ ಕಾಪಿ (ಒಂದೇ ಫೋಟೊದ ಇನ್ನೊಂದು ಎಡಿಟ್) ಮಾತ್ರ ಅದರಲ್ಲಿ ಬರುವುದಿಲ್ಲ.

‘ಫೀಸಿನಲ್ಲೇ ಸಾಫ್ಟ್‌ವೇರ್, ಲೈಫ್‌ಟೈಮ್ ಲೈಸೆನ್ಸ್’ ಎಂದು ಕ್ಲಾಸಿನವರು ಹೇಳಿದರೆ ಅಲ್ಲಿಂದ ಎದ್ದುಬನ್ನಿ. ಒಮ್ಮೆ ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದಾಗಿದ್ದ ಕೊನೆಯದು 2015ರ ಲೈಟ್‌ರೂಮ್ 6. ಈಗಿನದಕ್ಕೆ ಚಂದಾ ಕಟ್ಟಬೇಕು. ಕ್ರ್ಯಾಕ್ (ದುಡ್ಡು ಕೊಡದೆ ನಡೆಯುವಂತೆ ತಿದ್ದಿದ ಕಳ್ಳ ಸಾಫ್ಟ್‌ವೇರ್) ಹಾಕುವವರು ಆ್ಯಂಟಿವೈರಸ್ ಆಫ್ ಮಾಡಿಸುತ್ತಾರೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್ ಹೆಚ್ಚಾಗಿ ಹರಡಿದ್ದು ಇಂಥ ಕ್ರ್ಯಾಕ್‌ಗಳಿಂದಲೇ. ಅದು ಫೋಟೊಗಳಿಗೂ ಬೀಗ ಹಾಕುತ್ತದೆ. ಇನ್ನೂ ಒಂದು ತೊಡಕಿದೆ: ಹೊಸ ಆವೃತ್ತಿಯಲ್ಲಿ ಮಾಡಿದ ಕೆಟಲಾಗ್ ಹಳೆಯದರಲ್ಲಿ ತೆರೆಯುವುದಿಲ್ಲ. ಚಂದಾ ಕಟ್ಟುವುದು ಕಷ್ಟವಾದರೆ ಜೋಡಿಸಿಡಲು ಡಿಜಿಕ್ಯಾಮ್, ರಾ ಎಡಿಟ್‌ಗೆ ಡಾರ್ಕ್‌ಟೇಬಲ್ ಇವೆ, ಎರಡೂ ಪೂರ್ತಿ ಉಚಿತ. ಚಂದಾ ನಿಂತರೂ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಲೈಬ್ರರಿ, ಎಕ್ಸ್‌ಪೋರ್ಟ್ ನಡೆಯುತ್ತವೆ, ಎಡಿಟ್ ಮಾಡುವ ಡೆವಲಪ್ ಭಾಗ ಮುಚ್ಚುತ್ತದೆ.

ಕಾರ್ಡಿನಿಂದ ತಪ್ಪಿ ಅಳಿಸಿದ್ದರೆ ಕೂಡಲೇ ಅದನ್ನು ಕ್ಯಾಮೆರಾದಿಂದ ತೆಗೆದಿಡಿ, ಅದರಲ್ಲಿ ಮತ್ತೆ ಒಂದು ಫೋಟೊವೂ ತೆಗೆಯಬೇಡಿ. ಫೋಟೊರೆಕ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಹುಡುಕಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಿ.

ಎರಡನೇ ಡಿಸ್ಕ್ ಬೇರೆ ಮನೆಯಲ್ಲಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನೆಲಮಟ್ಟದ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಪಕ್ಕದಲ್ಲೇ ಬ್ಯಾಕಪ್ ಇಟ್ಟರೆ ಎರಡೂ ಒಟ್ಟಿಗೇ ಮುಳುಗುತ್ತವೆ. ಆಲ್ಬಮ್ ಮನೆಯವರ ಕೈಸೇರುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ಅದಕ್ಕಾಗಿ ಇನ್ನೆರಡು ಕಾರ್ಡ್ ಕೊಳ್ಳಬೇಕಾಗಿ ಬಂದರೂ ಸರಿ.