ಆರು ವರ್ಷ ಬಳಸಿದ ಲಕ್ಸ್ ಮೀಟರ್: ಏನು ಅಳೆಯುತ್ತದೆ, ಏನು ಅಳೆಯುವುದಿಲ್ಲ

ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅಂತ ಲಕ್ಸ್ ಅನ್ನುವ ಅಳತೆಯಲ್ಲಿ ತೋರಿಸುವ ಈ ಲಕ್ಸ್ ಮೀಟರ್ ನನ್ನ ಕೈಗೆ ಬಂದು ಆರು ವರ್ಷವಾಯಿತು. ಅಂಗೈಗೆ ಸರಿಹೊಂದುವ ಡಬ್ಬಿ, ಅದರಿಂದ ಹೊರಟ ಸುರುಳಿ ವಯರು, ತುದಿಯಲ್ಲಿ ಬಿಳಿ ಗುಮ್ಮಟದ ಸೆನ್ಸರ್. ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಓದುವ ಮೇಜಿಗೆ ಸರಿಯಾದ ಬೆಳಕು ಬೇಕಿತ್ತು, ಅದಕ್ಕೇ ತೆಗೆದುಕೊಂಡೆ. ಆ ಕೆಲಸ ಒಂದೇ ಸಂಜೆಗೆ ಮುಗಿಯಿತು. ಮೀಟರ್ ಮಾತ್ರ ಇವತ್ತಿಗೂ ಮೂಲೆ ಸೇರಿಲ್ಲ.

ಓದು ಬರಹಕ್ಕೆ ಸುಮಾರು 500 ಲಕ್ಸ್ ಇರಲಿ ಅನ್ನುತ್ತಾರೆ. ಅಪ್ಪನ ಮೇಜಿನಲ್ಲಿ 240 ಇತ್ತು. ದೀಪ ಹತ್ತಿರಕ್ಕೆ ಎಳೆದು 500 ಮಾಡಿ, "ಈಗ ಹೇಗಿದೆ?" ಅಂತ ಕೇಳಿದೆ. "ಸ್ವಲ್ಪ ಜಾಸ್ತಿ ಆದ ಹಾಗಿದೆ, ಅಷ್ಟೇ" ಅಂದರು. ಬೆಳಕು ಎರಡು ಪಟ್ಟಾಗಿತ್ತು, ಕಣ್ಣಿಗೆ ಮಾತ್ರ ಸ್ವಲ್ಪ! ಆದರೆ ಸಣ್ಣ ಅಕ್ಷರದ ಸಾಲು ತಪ್ಪುವುದು ಅವತ್ತಿಗೇ ನಿಂತಿತು. ನಮ್ಮ ಕಣ್ಣು ಇರುವ ಬೆಳಕಿಗೆ ಒಗ್ಗಿಕೊಂಡುಬಿಡುತ್ತದೆ. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್, ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಆಸುಪಾಸು. ಎರಡರಲ್ಲೂ ನಾವು ಎಡವದೆ ನಡೆಯುತ್ತೇವೆ. ಎಷ್ಟು ಬೆಳಕಿದೆ ಅಂತ ಕಣ್ಣನ್ನು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಮೀಟರ್ ಬೇಕಾಗುವುದು ಇದಕ್ಕೇ.

ಮೊದಲ ತಿಂಗಳು ಒಂದು ಗೊಂದಲವಾಯಿತು. ಎರಡು ಬಲ್ಬು ಇದ್ದವು, ಎರಡರ ಪೆಟ್ಟಿಗೆ ಮೇಲೂ 800 ಲುಮೆನ್ ಅಂತ ಬರೆದಿತ್ತು. ಒಂದು ಸಾಧಾರಣ ಬಲ್ಬು, ಇನ್ನೊಂದು ಬೆಳಕನ್ನು ಒಂದೇ ಕಡೆ ಬಿಡುವ ಸ್ಪಾಟ್ ಬಲ್ಬು. ಸ್ಪಾಟ್ ಬಲ್ಬಿನ ಕೆಳಗೆ ಮೀಟರ್ ಐದು ಪಟ್ಟು ಜಾಸ್ತಿ ತೋರಿಸಿತು. ಮೀಟರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಬಲ್ಬು ಎಲ್ಲಾ ದಿಕ್ಕಿಗೂ ಸೇರಿ ಬಿಡುವ ಒಟ್ಟು ಬೆಳಕು ಲುಮೆನ್. ಒಂದು ದಿಕ್ಕಿನಲ್ಲಿ ಅದು ಎಷ್ಟು ಬಿಗಿಯಾಗಿ ಹೋಗುತ್ತಿದೆ ಅನ್ನುವುದು ಕ್ಯಾಂಡೆಲಾ. ಮೇಜಿನ ಒಂದು ಚದರ ಮೀಟರ್ ಮೇಲೆ ಎಷ್ಟು ಲುಮೆನ್ ಬಿತ್ತು ಅನ್ನುವುದು ಲಕ್ಸ್. ಎಲ್ಲಾ ಕಡೆಗೂ ಸಮವಾಗಿ 1 ಕ್ಯಾಂಡೆಲಾ ಬಿಡುವ ದೀಪದಿಂದ ಒಟ್ಟು 12.57 ಲುಮೆನ್ ಹೊರಬರುತ್ತದೆ. ಇದು ತಲೆಗೆ ಹತ್ತಿದ ಮೇಲೆ ಪೆಟ್ಟಿಗೆ ಮೇಲಿನ ಲುಮೆನ್ ಒಂದನ್ನೇ ನಂಬಿ ಬಲ್ಬು ಆರಿಸುವುದನ್ನು ಬಿಟ್ಟೆ.

ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯಬೇಕು ಅಂತ ಶಾಲೆಯಲ್ಲಿ ಓದಿದ್ದೆವಲ್ವಾ? ಬರಿಯ ಬಲ್ಬಿನಿಂದ ಅರ್ಧ ಮೀಟರ್ ದೂರದಲ್ಲಿ 360 ಬಂತು. ಒಂದು ಮೀಟರ್‌ಗೆ 90 ಬರಬೇಕಿತ್ತು, ಬಂದದ್ದು 118. ಎರಡು ಮೂರು ಸಲ ಅಳೆದರೂ ಅಷ್ಟೇ. ಆಮೇಲೆ ಹಿಂದಿನ ಬಿಳಿ ಗೋಡೆಗೂ ಮೇಜಿಗೂ ಕಪ್ಪು ಬಟ್ಟೆ ಮುಚ್ಚಿದೆ. 93! ಮಿಕ್ಕ ಬೆಳಕೆಲ್ಲ ಗೋಡೆಯಿಂದ ವಾಪಸ್ ಬರುತ್ತಿತ್ತು. ಕೋಣೆಗೆ ಬಿಳಿ ಬಣ್ಣ ಹೊಡೆದರೆ ಎಷ್ಟು ಉಪಕಾರ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಇನ್ನೊಂದು ವಿಷಯ: ಸೆನ್ಸರನ್ನು 60 ಡಿಗ್ರಿ ಓರೆ ಮಾಡಿದರೆ ಅಂಕಿ ಅರ್ಧವಾಗುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿದು ಅಳೆಯಬೇಡಿ, ಮೇಜಿನ ಮೇಲೆ ಮಲಗಿಸಿ. ನಿಮ್ಮ ನೆರಳೂ ಅದರ ಮೇಲೆ ಬೀಳಬಾರದು.

ಫೋನಿನ ಆ್ಯಪ್ ಸಾಲದೇ ಅಂತ ಬಹಳ ಜನ ಕೇಳುತ್ತಾರೆ. ನಾನು ಒಂದೇ ಜಾಗದಲ್ಲಿ ಎರಡು ಫೋನ್ ಇಟ್ಟು ನೋಡಿದೆ, ಒಂದಕ್ಕೂ ಇನ್ನೊಂದಕ್ಕೂ ಭಾರೀ ವ್ಯತ್ಯಾಸ. ಫೋನಿನ ಸೆನ್ಸರ್ ಗಾಜಿನ ಕೆಳಗೆ ಕೂತಿರುತ್ತದೆ, ಓರೆಯಾಗಿ ಬರುವ ಬೆಳಕು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಮೀಟರ್‌ನ ಬಿಳಿ ಗುಮ್ಮಟ ಇರುವುದೇ ಆ ಬೆಳಕನ್ನೂ ಲೆಕ್ಕಕ್ಕೆ ತರಲು.

ಇನ್ನು ದೂರುಗಳಿಗೆ ಬರುತ್ತೇನೆ. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿಗೆ ಹೊಂದಿಸಿದ ಅಳತೆ. ಹಗಲಿನ ಕಣ್ಣು 555 ನ್ಯಾನೋಮೀಟರ್ ತರಂಗಾಂತರದ ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ಆ ಬಣ್ಣದ ಒಂದು ವ್ಯಾಟ್ ಬೆಳಕು 683 ಲುಮೆನ್. ಕೆಂಪು, ನೀಲಿಯ ಕಡೆ ಹೋದಂತೆ ಅದೇ ಒಂದು ವ್ಯಾಟಿಗೆ ಲುಮೆನ್ ಕಮ್ಮಿಯಾಗುತ್ತಾ ಹೋಗುತ್ತದೆ. ಯಾವ ಬಣ್ಣಕ್ಕೆ ಕಣ್ಣು ಎಷ್ಟು ಸ್ಪಂದಿಸುತ್ತದೆ ಅಂತ ತೋರಿಸುವ ಈ ರೇಖೆಯನ್ನು ಒಪ್ಪಿಕೊಂಡಿದ್ದು 1924ರಲ್ಲಿ. ಮೀಟರ್ ಒಳಗಿರುವ ಸಿಲಿಕಾನ್‌ಗೆ ನಮಗೆ ಕಾಣದ ಇನ್‌ಫ್ರಾರೆಡ್ ಅಂದರೆ ಹೆಚ್ಚು ಪ್ರೀತಿ. ಅದನ್ನು ಕಣ್ಣಿನ ಹಾಗೆ ನಡೆಸಲು ಮುಂದೆ ಹಸಿರು ಫಿಲ್ಟರ್ ಇಡುತ್ತಾರೆ. ಇನ್‌ಫ್ರಾರೆಡ್ ಬಿಡುವ ಟಿವಿ ರಿಮೋಟನ್ನು ಸೆನ್ಸರ್ ಮುಂದೆ ಹಿಡಿದು ಗುಂಡಿ ಒತ್ತಿದೆ, ಅಂಕಿ ಅಲುಗಲಿಲ್ಲ. ಅಷ್ಟರ ಮಟ್ಟಿಗೆ ಪಾಸ್. ನೀಲಿಯಲ್ಲಿ ಮಾತ್ರ ಸೋಲುತ್ತದೆ. ಲ್ಯಾಬ್‌ನಲ್ಲಿರುವ ಗೆಳೆಯನ ಒಳ್ಳೆಯ ಮೀಟರ್ ಪಕ್ಕದಲ್ಲಿ ಇಟ್ಟಾಗ ಬಿಳಿ ಎಲ್‌ಇಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಹೇಳಿದವು. ಗಾಢ ನೀಲಿ ಎಲ್‌ಇಡಿಯಲ್ಲಿ ನನ್ನದು ಕಾಲು ಭಾಗಕ್ಕಿಂತ ಜಾಸ್ತಿ ತಪ್ಪಿತು. ಬಣ್ಣದ ದೀಪ ಅಳೆಯುವ ಕೆಲಸವಿದ್ದರೆ ಇಂಥ ಸಾಧಾರಣ ಮೀಟರ್ ಬೇಡ. ಗಿಡಗಳಿಗೆ ಬೆಳಕು ನೋಡುವವರಿಗೂ ಬೇಡ. ಕಣ್ಣು ಕಡೆಗಣಿಸುವ ಕೆಂಪು, ನೀಲಿಯೇ ಗಿಡಕ್ಕೆ ಊಟ, ಅಲ್ವಾ?

ಟಿವಿ, ಮಾನಿಟರ್ ಎಷ್ಟು ಹೊಳೆಯುತ್ತದೆ ಅಂತ ನೋಡಲೂ ಇದು ಬರುವುದಿಲ್ಲ. ಅದರ ಅಳತೆ ನಿಟ್, ಅಂದರೆ ಪರದೆಯ ಒಂದು ಚದರ ಮೀಟರ್‌ನಿಂದ ನಮ್ಮ ಕಡೆಗೆ ಬರುವ ಕ್ಯಾಂಡೆಲಾ. ಪರದೆಯಿಂದ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಹೊಳಪು ಹಾಗೇ ಇರುತ್ತದೆ. ಲಕ್ಸ್ ಮಾತ್ರ ಸರ್ರನೆ ಇಳಿಯುತ್ತದೆ.

ಬಾಳಿಕೆ ಚೆನ್ನಾಗಿದೆ. ಎರಡು ಸಲ ಕೆಳಗೆ ಬಿದ್ದಿದೆ, ಏನೂ ಆಗಿಲ್ಲ. ಬ್ಯಾಟರಿ ತೆಗೆಯದೆ ಇಟ್ಟಿದ್ದರಿಂದ ಒಮ್ಮೆ ಸೋರಿ ಸ್ಪ್ರಿಂಗ್ ಹಸಿರುಗಟ್ಟಿತ್ತು, ಉಜ್ಜಿದ ಮೇಲೆ ಸರಿಹೋಯಿತು. ಈ ವರ್ಷ ಗೆಳೆಯನ ಮೀಟರ್ ಜೊತೆ ಮತ್ತೆ ಹೋಲಿಸಿದಾಗ ನನ್ನದು ನೂರಕ್ಕೆ ಏಳರಷ್ಟು ಕಮ್ಮಿ ತೋರಿಸಿತು. ಒದ್ದೆ ಬಟ್ಟೆಯಿಂದ ಗುಮ್ಮಟ ಒರೆಸಿದೆ, ಬಟ್ಟೆ ಕಪ್ಪಾಯಿತು. ಆಮೇಲೆ ಮೂರರಷ್ಟು ಮಾತ್ರ ಕಮ್ಮಿ. ಅಷ್ಟೂ ದಿನ ಧೂಳನ್ನೂ ಸೇರಿಸಿ ಅಳೆಯುತ್ತಿದ್ದೆ. ನಿಮ್ಮದನ್ನು ಕೊಂಡ ದಿನವೇ ಒಂದು ಗೊತ್ತಾದ ದೀಪದ ಕೆಳಗೆ, ಗೊತ್ತಾದ ದೂರದಲ್ಲಿ ಇಟ್ಟು ಬಂದ ಅಂಕಿಯನ್ನು ಡಬ್ಬಿಯ ಹಿಂದೆ ಬರೆದಿಡಿ. ಅಳೆಯುವ ಮುಂಚೆ ಸೆನ್ಸರ್ ಮುಚ್ಚಳ ಹಾಕಿ ಸೊನ್ನೆ ಬರುತ್ತದಾ ನೋಡಿ. ಆ ಮುಚ್ಚಳ ಕಳೆದರೆ ಬೇರೆ ಸಿಗುವುದು ಕಷ್ಟ, ನಾನು ನನ್ನದನ್ನು ದಾರದಲ್ಲಿ ವಯರಿಗೇ ಕಟ್ಟಿದ್ದೇನೆ.