ನಾಲ್ಕು ಮಳೆಗಾಲ ಕಂಡ ಸ್ಯಾಂಡ್ ಫಿಲ್ಟರ್: ತೋಟದ ಮನೆಯ ಈಜುಕೊಳದ ಕಥೆ

ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಗೆ ಈಜುಕೊಳ ಕಟ್ಟಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಪಕ್ಕದಲ್ಲೇ ತುಂಗೆ ಇದ್ದಾಳೆ, ನಿಮಗ್ಯಾಕೆ ಮಾರಾಯ್ರೆ ಈ ಸಿಮೆಂಟು ಹೊಂಡ?" ಹೊಳೆಯ ಸುಳಿಗೆ ಮೊಮ್ಮಕ್ಕಳನ್ನು ಬಿಡುವ ಧೈರ್ಯ ನನಗಿಲ್ಲ, ಅಷ್ಟೇ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ. ಹತ್ತಿರ ಹತ್ತಿರ 45,000 ಲೀಟರ್ ನೀರು. ಅದಕ್ಕೆ 24 ಇಂಚಿನ ಸ್ಯಾಂಡ್ ಫಿಲ್ಟರ್, 1 ಎಚ್‌ಪಿ ಪಂಪು, ನೀರಿನ ದಾರಿ ಬದಲಿಸಲು ಆರು ಸ್ಥಾನದ ಮಲ್ಟಿಪೋರ್ಟ್ ವಾಲ್ವ್ ಹಾಕಿಸಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಈ ಥರದ ಸೆಟ್ಟುಗಳ ಹೊಟ್ಟೆಯೊಳಗೆ ಇರುವುದು ಹೆಚ್ಚುಕಡಿಮೆ ಒಂದೇ.

ಬೇಸಿಗೆಯಲ್ಲಿ ಇದರ ಮೇಲೆ ದೂರೇ ಇಲ್ಲ. ದಿನಕ್ಕೆ ಆರು ಗಂಟೆ ಓಡಿಸುತ್ತೇನೆ, ಸುಮಾರು ಆರು ಯೂನಿಟ್ ಕರೆಂಟು. ಧೂಳು, ತರಗೆಲೆಯ ಪುಡಿ, ಹಿಂಗಾರದ ಹೊಟ್ಟು ಎಲ್ಲ ಮರಳಲ್ಲಿ ನಿಲ್ಲುತ್ತದೆ. ಫಿಲ್ಟರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಮಾಮೂಲಿಗಿಂತ 8-10 ಪಿಎಸ್ಐ ಮೇಲೆ ಹೋದರೆ ಬ್ಯಾಕ್‌ವಾಶ್ ಮಾಡಬೇಕು, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯಬೇಕು. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗಿ ಕಾಣುವವರೆಗೆ, ಎರಡು ಮೂರು ನಿಮಿಷ. ಆ ನೀರನ್ನು ನೇರ ಹಳ್ಳಕ್ಕೆ ಬಿಡಬೇಡಿ, ಕ್ಲೋರಿನ್‌ಗೆ ಮೀನು ಸಾಯುತ್ತವೆ. ನಾನು ಒಂದು ಗುಂಡಿಗೆ ಬಿಟ್ಟು, ಬಿಸಿಲಿಗೆ ನಾಲ್ಕು ದಿನ ಕೂರಿಸುತ್ತೇನೆ.

ಬಂಡವಾಳ ಬಯಲಾಗುವುದು ಆರಿದ್ರ ಮಳೆಗೆ. ಒಂದು ದಿನಕ್ಕೆ 100 ಮಿ.ಮೀ. ಸುರಿದರೆ ಕೊಳದ ಬಾಯಿಗೇ 3,200 ಲೀಟರ್ ಮಳೆನೀರು ಬೀಳುತ್ತದೆ. ನಮ್ಮಲ್ಲಿ ಅದೇನು ದೊಡ್ಡ ಮಳೆ ಅಲ್ಲ. ಪಕ್ಕದ ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ. ಮೊದಲ ವರ್ಷ ಅಂಗಳದ ಜಂಬಿಟ್ಟಿಗೆ ಮಣ್ಣೂ ಮಳೆ ಜೊತೆ ಕೊಳಕ್ಕೆ ಇಳಿಯಿತು. ಬೆಳಿಗ್ಗೆ ನೋಡಿದರೆ ಹಾಲು ಜಾಸ್ತಿಯಾದ ಚಹಾ. ಎರಡು ಹಗಲು ಎರಡು ರಾತ್ರಿ ಪಂಪು ಓಡಿಸಿದೆ, ಬಣ್ಣ ಒಂಚೂರೂ ಕದಲಲಿಲ್ಲ. ಕಾರಣ ಆಮೇಲೆ ತಿಳಿಯಿತು. ಮರಳಿನ ಫಿಲ್ಟರ್ ಹಿಡಿಯುವುದು 20-40 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದೊಡ್ಡ ಕಸವನ್ನು ಮಾತ್ರ. ಕೆಂಪು ಮಣ್ಣಿನ ಕಣ ಅದಕ್ಕಿಂತ ತೀರಾ ಸಣ್ಣದು. ಒಂದು ಕಡೆ ಹೋಗಿ ಇನ್ನೊಂದು ಕಡೆ ಬರುತ್ತದೆ. ಮಾರುವಾಗ ಇದನ್ನು ಯಾರೂ ಹೇಳಲಿಲ್ಲ.

ಫೋನು ಮಾಡಿದರೆ, ಫಿಟ್ ಮಾಡಲು ಬಂದಿದ್ದವರು "ಪಟಿಕ ಹಾಕಿ ಪಂಪು ಓಡಿಸ್ತಾ ಇರಿ" ಅಂದರು. ಓಡಿಸಿದೆ. ಮೂರನೇ ವರ್ಷ ಫಿಲ್ಟರ್ ಬಿಚ್ಚಿದಾಗ ಅದರ ಫಲ ಕಂಡೆ. ಪಟಿಕದ ಲೋಳೆಗೆ ಮರಳು ಕಟ್ಟಿಕೊಂಡು ತೆಂಗಿನಕಾಯಿ ಗಾತ್ರದ ಹೆಂಟೆಗಳಾಗಿದ್ದವು. ನೀರು ಅದರ ಪಕ್ಕದಲ್ಲಿ ದಾರಿ ಕೊರೆದುಕೊಂಡು ಸುಮ್ನೆ ಹಾದುಹೋಗುತ್ತಿತ್ತು. ಮರಳಷ್ಟನ್ನೂ ತೆಗೆದು ಹೊಸದು ತುಂಬಿಸಬೇಕಾಯಿತು. ಹೊಳೆ ಮರಳು ಆಗುವುದಿಲ್ಲ, ಒಂದೇ ಅಳತೆಯ ಸಿಲಿಕಾ ಮರಳೇ ಬೇಕು.

ಸರಿಯಾದ ಕ್ರಮ ಕಲಿಯಲು ನನಗೆ ಎರಡು ಮಳೆಗಾಲ ಹಿಡಿಯಿತು. ಮಳೆನೀರು ತೀರಾ ಮೆದು, ಅದರಲ್ಲಿ ಕ್ಷಾರ ಇಲ್ಲವೇ ಇಲ್ಲ. ಕ್ಷಾರ ಇಲ್ಲದಿದ್ದರೆ ಪಟಿಕ ಸರಿಯಾಗಿ ಮೊಸರೊಡೆಯುವುದಿಲ್ಲ. ಹಾಗಾಗಿ ಮೊದಲು ಅಡುಗೆ ಸೋಡಾ. ನಮ್ಮ ಕೊಳಕ್ಕೆ ಒಂದೂವರೆ ಕಿಲೋ ಹಾಕಿದರೆ ಆಲ್ಕಲಿನಿಟಿ, ಅಂದರೆ ಕ್ಷಾರದ ಪ್ರಮಾಣ, ಸುಮಾರು 20 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಏರುತ್ತದೆ, 80 ದಾಟಿದರೆ ಸಾಕು. ಆಮೇಲೆ ಒಂದು ಕಿಲೋ ಪಟಿಕವನ್ನು ಬಕೆಟ್ಟಿನಲ್ಲಿ ಕರಗಿಸಿ ಸುತ್ತ ಹೊಯ್ಯುತ್ತೇನೆ. ವಾಲ್ವನ್ನು 'ರೀಸರ್ಕ್ಯುಲೇಟ್'ಗೆ ಇಟ್ಟರೆ ನೀರು ಮರಳಿಗೆ ಹೋಗದೆ ತಿರುಗುತ್ತದೆ. ಒಂದು ಗಂಟೆ ತಿರುಗಿಸಿ ಪಂಪು ಆಫ್. ರಾತ್ರಿಯಿಡೀ ಯಾರೂ ನೀರು ಮುಟ್ಟಬಾರದು, ನಾಯಿಯನ್ನೂ ಕಟ್ಟಿಹಾಕುತ್ತೇನೆ. ಬೆಳಿಗ್ಗೆ ಮೇಲೆ ತಿಳಿನೀರು, ತಳದಲ್ಲಿ ಕೆಂಪು ಕಂಬಳಿ. ಅದನ್ನು ವಾಲ್ವ್ 'ವೇಸ್ಟ್'ನಲ್ಲಿಟ್ಟು, ನಿಧಾನವಾಗಿ ವ್ಯಾಕ್ಯೂಮ್ ಮಾಡಿ ಹೊರಗೇ ಹಾಕಬೇಕು. ಬೀಸಿ ಎಳೆದರೆ ಎಲ್ಲ ಮತ್ತೆ ಎದ್ದು ಹಿಂದಿನ ದಿನಕ್ಕೇ ಹೋಗುತ್ತೀರಿ. ನಾಲ್ಕು ಇಂಚು ನೀರು ಖರ್ಚಾಗುತ್ತದೆ. ಮಳೆಗಾಲದಲ್ಲಿ ಅದಕ್ಕೇನು ಬರವೇ?

ವಾಲ್ವಿನ ಬಗ್ಗೆ ಒಂದು ಮಾತು. ಪಂಪು ಓಡುತ್ತಿರುವಾಗ ಅದರ ಹಿಡಿ ತಿರುಗಿಸಬೇಡಿ. ನಮ್ಮ ಕೆಲಸದ ಹುಡುಗ ತಿರುಗಿಸಿ ಒಳಗಿನ ಗ್ಯಾಸ್ಕೆಟ್ ಹಾರಿಸಿದ್ದ. ದಿನಕ್ಕೆ ಎರಡು ಇಂಚು ನೀರು ವೇಸ್ಟ್ ಪೈಪಿನಲ್ಲಿ ಹೋಗುತ್ತಿತ್ತು. ಕೊಳವೇ ಬಿರುಕು ಬಿಟ್ಟಿದೆ ಅಂತ ನಾನು ಮೇಸ್ತ್ರಿಯನ್ನು ಕರೆಸಿ ಅಂಚೆಲ್ಲ ಕೆತ್ತಿಸಿದೆ!

ಪಂಪು ಗಟ್ಟಿ. ಆದರೆ ಎರಡನೇ ಬೇಸಿಗೆಯಲ್ಲಿ ಲೋ ವೋಲ್ಟೇಜಿಗೆ ಕೆಪಾಸಿಟರ್ ಸುಟ್ಟಿತು. ಈಗ ಸ್ಟೆಬಿಲೈಸರ್ ಇದೆ.

ಮಳೆ ಬಿಟ್ಟು ದಸರಾ ಬಿಸಿಲು ಬಂದ ವಾರವೇ ನೀರು ಹಸಿರಾಗುತ್ತದೆ. ಅದು ಪಾಚಿ, ಅದಕ್ಕೆ ಪಟಿಕ ಅಲ್ಲ, ಕ್ಲೋರಿನ್. ಪಿಎಚ್ 7.2ರಿಂದ 7.6ರೊಳಗೆ ತಂದು, ಸಂಜೆ ಕತ್ತಲಾದ ಮೇಲೆ ಹಾಕುತ್ತೇನೆ, ಬಿಸಿಲಲ್ಲಿ ಹಾಕಿದ್ದು ಅರ್ಧ ಬಿಸಿಲಿಗೇ ಹೋಗುತ್ತದೆ. ಗೋಡೆ ಉಜ್ಜಬೇಕು, ಪಂಪು ಬಿಡದೆ ಓಡಬೇಕು. ಈ ಕೆಲಸದಲ್ಲಿ ಫಿಲ್ಟರ್ ನಿಜಕ್ಕೂ ಚೆನ್ನಾಗಿದೆ, ಸತ್ತ ಪಾಚಿಯನ್ನು ಮೂರು ದಿನದಲ್ಲಿ ಎತ್ತುತ್ತದೆ. ಕ್ಲೋರಿನ್ 1-3 ಪಿಪಿಎಂಗೆ ಇಳಿದ ಮೇಲೇ ಮಕ್ಕಳಿಗೆ ಬಿಡುತ್ತೇನೆ. ಕ್ಲೋರಿನ್ ಮಾತ್ರೆಯನ್ನೂ ಹರಳುಹರಳಾದ ಕ್ಲೋರಿನ್ ಪುಡಿಯನ್ನೂ ಒಂದೇ ಡಬ್ಬಿಗೆ, ಒಂದೇ ಚಮಚಕ್ಕೆ ತಾಗಿಸಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.

ಅಡಿಕೆ ಬೆಳೆಗಾರರ ಮನೆಯಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ಇದ್ದೇ ಇರುತ್ತದೆ ಅಲ್ವಾ. "ಒಂದು ಹಿಡಿ ಹಾಕು, ಪಾಚಿ ಸತ್ತೇ ಹೋಗುತ್ತೆ" ಅಂದ ಭಾವ. ಹಾಕಿದೆ. ಪಾಚಿ ಸತ್ತದ್ದು ಹೌದು. ಟೈಲ್ಸ್ ಸಂದಿಗೆ ಹತ್ತಿದ ನೀಲಿ ಕಲೆ ಇವತ್ತಿಗೂ ಇದೆ, ಭಾವ ಬಂದಾಗೆಲ್ಲ ತೋರಿಸುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವ ದಿನ ಈಗ ಕೊಳಕ್ಕೆ ಟಾರ್ಪಾಲು ಮುಚ್ಚಿಸುತ್ತೇನೆ.

ಈ ಫಿಲ್ಟರ್ ಮತ್ತೆ ಕೊಳ್ಳುತ್ತೀರಾ ಅಂದರೆ, ಕೊಳ್ಳುತ್ತೇನೆ. ಆದರೆ ಮೊದಲು ಅದರ ದುಡ್ಡಿನಲ್ಲಿ ಒಂದಿಷ್ಟು ತೆಗೆದು, ಕೊಳದ ಸುತ್ತ ಅರ್ಧ ಅಡಿ ಕಟ್ಟೆ, ಹೊರಗೊಂದು ಚರಂಡಿ ಮಾಡಿಸುತ್ತೇನೆ. ನಾನು ಮಾಡಿಸಿದ್ದು ನಾಲ್ಕನೇ ಮಳೆಗಾಲಕ್ಕೆ, ಮಣ್ಣುನೀರು ಈಗ ಒಳಗೆ ಬರುವುದೇ ಇಲ್ಲ. ಕಳೆದ ಜೂನ್‌ಗೆಂದು ತಂದ ಪಟಿಕದ ಚೀಲ ಬಾಯಿ ಬಿಚ್ಚದೆ ಅಟ್ಟದ ಮೇಲೆ ಕೂತಿದೆ.