ದಿನ, ವಾರ, ಹೊತ್ತು ತಿಳಿಸುವ ಗಡಿಯಾರ: ಒಂದು ಮಳೆಗಾಲದ ಬಳಕೆಯ ನಂತರ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಈ ಗಡಿಯಾರ ಬಂದದ್ದು ಜೂನ್ ಮೊದಲ ವಾರದಲ್ಲಿ. ಅದಕ್ಕೆ ಮೂರು ತಿಂಗಳ ಹಿಂದೆ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಆಗಿತ್ತು. ಮೆದುಳಿನ ಬಲಭಾಗಕ್ಕೆ ರಕ್ತ ಹರಿಯುವುದು ನಿಂತುದರಿಂದ ಎಡಗೈ, ಎಡಗಾಲು ಸೋತವು. ಮಾತು ಉಳಿಯಿತು, ಆದರೆ ಹೊತ್ತಿನ ಅಂದಾಜು ತಪ್ಪಿಹೋಯಿತು. ಮಧ್ಯಾಹ್ನ ಮಲಗಿ ಎದ್ದವರು ಬೆಳಗಾಯಿತೆಂದುಕೊಂಡು ಹಲ್ಲುಜ್ಜಲು ಹೊರಡುತ್ತಿದ್ದರು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರು ಬಂದರೇ ಎಂದು ಮುಸ್ಸಂಜೆಯಲ್ಲಿ ಹತ್ತಾರು ಬಾರಿ ಕೇಳುತ್ತಿದ್ದರು. ಮಲೆನಾಡಿನ ಮಳೆಯಲ್ಲಿ ನಾಲ್ಕು ಗಂಟೆಗೇ ಕವಿಯುವ ಕತ್ತಲೆ ಗಟ್ಟಿಯಾಗಿರುವವರಿಗೂ ಹೊತ್ತು ಮರೆಸುತ್ತದೆ. ಇವರ ಪಾಡು ಹೇಳಬೇಕೆ?

ಮಗ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದರಲ್ಲಿ 2,600 ರೂಪಾಯಿ ಕೊಟ್ಟು ಇದನ್ನು ತಂದ. ಎಂಟು ಇಂಚಿನ ಕಪ್ಪು ಪರದೆಯ ಮೇಲೆ ವಾರ, ಹೊತ್ತು, ಗಂಟೆ ಮತ್ತು ತಾರೀಖು ಬಿಳಿಯ ದಪ್ಪ ಅಕ್ಷರಗಳಲ್ಲಿ, ಯಾವುದನ್ನೂ ಮೊಟಕುಗೊಳಿಸದೆ ಮೂಡುತ್ತವೆ. ಹತ್ತು ಅಡಿ ದೂರದ ಆರಾಮಕುರ್ಚಿಯಿಂದಲೂ ಸ್ಪಷ್ಟವಾಗಿ ಓದಬಹುದು.

ಮೊದಲ ಹದಿನೈದು ದಿನ ಅದರಿಂದ ಯಾವ ಉಪಯೋಗವೂ ಆಗಲಿಲ್ಲ. ತಪ್ಪು ಗಡಿಯಾರದ್ದಲ್ಲ, ನಾವು ಇಟ್ಟ ಜಾಗದ್ದು. ಕುರ್ಚಿಯ ಎಡಕ್ಕಿದ್ದ ಗೋಡೆಗೆ ಅದನ್ನು ತೂಗುಹಾಕಿದ್ದೆವು. ಬಾಳೆ ಎಲೆಯ ಎಡತುದಿಗೆ ಬಡಿಸಿದ ಉಪ್ಪು, ಉಪ್ಪಿನಕಾಯಿ ಊಟ ಮುಗಿದರೂ ಹಾಗೆಯೇ ಉಳಿಯುತ್ತಿದ್ದುದನ್ನು ನಾನು ಕಂಡಿದ್ದೆ, ಆದರೆ ಎರಡನ್ನೂ ಜೋಡಿಸಿ ಯೋಚಿಸಿರಲಿಲ್ಲ. ಕಣ್ಣಿನಲ್ಲಿ ದೋಷವಿಲ್ಲದಿದ್ದರೂ ಬಲ ಮೆದುಳಿಗೆ ಪೆಟ್ಟಾದ ಕೆಲವರಿಗೆ ಎಡಬದಿಯತ್ತ ಗಮನವೇ ಹರಿಯುವುದಿಲ್ಲ ಎಂದು ವೈದ್ಯರು ವಿವರಿಸಿದ ದಿನವೇ ಗಡಿಯಾರವನ್ನು ಬಲಗಡೆಗೆ ವರ್ಗಾಯಿಸಿದೆವು. ಕೊಳ್ಳುವವರು ಮೊದಲು ರೋಗಿಯ ಗಮನ ಯಾವ ಬದಿಗೆ ಹೋಗುತ್ತದೆ ಎಂಬುದನ್ನು ನೋಡಿಕೊಳ್ಳಬೇಕು.

ಅಲ್ಲಿಂದ ಮುಂದೆ ನಮ್ಮಿಬ್ಬರ ಸಂಜೆಗಳು ಬದಲಾದವು. ಮೊದಲೆಲ್ಲ “ಆಗಲೇ ಹೇಳಿದೆನಲ್ಲ, ಈಗ ಸಂಜೆ” ಎಂದು ನಾನು ತಿದ್ದುತ್ತಿದ್ದೆ. ನಲವತ್ತು ವರ್ಷ ತೋಟ, ಮನೆ ಎರಡನ್ನೂ ನಡೆಸಿದವರಿಗೆ ಆ ಮಾತು ಚುಚ್ಚುತ್ತಿತ್ತು, ಸಿಟ್ಟು ಬರುತ್ತಿತ್ತು, ಆಮೇಲೆ ಇಬ್ಬರ ಕಣ್ಣಲ್ಲೂ ನೀರು. ಈಗ “ಗಡಿಯಾರದಲ್ಲಿ ಏನಿದೆ, ಸ್ವಲ್ಪ ಓದಿ ಹೇಳಿ” ಎನ್ನುತ್ತೇನೆ. ಅವರೇ ಓದಿ, “ಸಂಜೆ ಐದೂವರೆಯಾಯಿತಲ್ಲ, ಇನ್ನು ಕೊನೆಗಾರರು ಬರುವುದು ನಾಳೆಯೇ” ಎಂದು ತಾವೇ ತೀರ್ಮಾನಿಸುತ್ತಾರೆ. ಅರ್ಧ ಗಂಟೆಯ ನಂತರ ಮತ್ತೆ ಕೇಳುವುದುಂಟು; ಈ ಉಪಕರಣ ನೆನಪನ್ನು ಮರಳಿಸುವುದಿಲ್ಲ. ಆದರೆ ತಿದ್ದುವ ಕೆಲಸ ನನ್ನ ಬಾಯಿಂದ ಗೋಡೆಗೆ ಹೋದದ್ದೇ ನನಗೆ ಕೊಟ್ಟ ಹಣಕ್ಕಿಂತ ಹೆಚ್ಚಿನದು.

ದೊಡ್ಡ ಕೊರತೆ ಭಾಷೆಯದು. ಹಲವು ಭಾಷೆಗಳ ಆಯ್ಕೆಯಿದ್ದರೂ ಅವುಗಳಲ್ಲಿ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರ ಬಲ್ಲ ನಮ್ಮ ಯಜಮಾನರೂ ದಣಿದಾಗ ತಡವರಿಸುತ್ತಾರೆ. ಪ್ರತಿ ಪದದ ಎದುರು ಕನ್ನಡ ಬರೆದ ರಟ್ಟಿನ ಹಾಳೆಯೊಂದನ್ನು ಕೆಳಗೆ ಅಂಟಿಸಿದ್ದೇನೆ. ಕನ್ನಡ ಮಾತ್ರ ಓದುವವರಿಗೆ ಅದು ಸಾಲದು. ಕರೆಂಟು ಹೋದರೆ ಒಳಗಿನ ಸಣ್ಣ ಬ್ಯಾಟರಿ ಸಮಯವನ್ನು ಉಳಿಸಿಕೊಂಡರೂ ಪರದೆ ಆರಿಹೋಗುತ್ತದೆ, ಆದ್ದರಿಂದ ನಮ್ಮ ಕಡೆಯವರು ಇನ್ವರ್ಟರ್ ಪ್ಲಗ್ಗಿಗೇ ಹಾಕಬೇಕು. ಮಾತ್ರೆಯ ಹೊತ್ತಿಗೆ ಕೂಗುವ ಅಲಾರಂ ಕರ್ಕಶ; ಇವರು ಬೆಚ್ಚಿದ್ದರಿಂದ ನಿಲ್ಲಿಸಿಬಿಟ್ಟೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಆಗಸ್ಟ್‌ನಲ್ಲಿ ಒಂದೇ ದಿನದೊಳಗೆ ಗೊಂದಲ ವಿಪರೀತವಾಗಿ, ಎದುರಿನ ಗಡಿಯಾರವನ್ನೂ ಅರ್ಥಮಾಡಿಕೊಳ್ಳಲಾರದೆ ಹೋದರು. ಹಳೆಯ ಕಾಯಿಲೆಯದೇ ಲಕ್ಷಣವೆಂದು ನಾನು ಕೈಕಟ್ಟಿ ಕೂರುವುದರಲ್ಲಿದ್ದೆ. ಮಗನೇ “ಅಪ್ಪಯ್ಯ ನಿನ್ನೆ ಹೀಗಿರಲಿಲ್ಲ” ಎಂದು ಹಟಮಾಡಿ ಕರೆದೊಯ್ದ. ಮೂತ್ರದ ಸೋಂಕು ಎಂದು ಪತ್ತೆಯಾಯಿತು, ಔಷಧಿಯಿಂದ ಒಂದು ವಾರದಲ್ಲಿ ಮೊದಲಿನ ಸ್ಥಿತಿಗೆ ಬಂದರು. ಗೊಂದಲ ಹಠಾತ್ತನೆ ಏರಿದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಯಾವ ಉಪಕರಣವನ್ನೂ ನಂಬಿ ಕಾಯದೆ ಆಸ್ಪತ್ರೆಗೆ ಹೊರಡಬೇಕು; ಮತ್ತೆ ಪಾರ್ಶ್ವವಾಯುವೇ ಆಗಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕಾಗುತ್ತದೆ.

ಮಲಗುವ ಕೋಣೆಗೂ ಒಂದು ತರುತ್ತೇನೆಂದು ಮಗ ಹೇಳುತ್ತಿದ್ದಾನೆ. ಕನ್ನಡ ತೋರಿಸುವುದು ಸಿಗುತ್ತದೆಯೇ ಎಂದು ಮೊದಲು ವಿಚಾರಿಸು, ಸಿಗದಿದ್ದರೆ ಇದನ್ನೇ ತಾ ಎಂದಿದ್ದೇನೆ.